ಕಾನೂನಿನ ಕಾವಲು ಮತ್ತು ಮಹಿಳೆ: ಮದೀನಾದ ಮಾರುಕಟ್ಟೆಯಿಂದ ಕರ್ನಾಟಕದ ಪೊಲೀಸ್ ಪೀಠದವರೆಗೆ

ಕಳೆದ ವರ್ಷ ಈರುಳ್ಳಿ ಕೀಳುವ ದಿನಗಳಲ್ಲಿ, ಮಗ್ರಿಬ್ ನಮಾಝಿನ ನಂತರ ಶಿವನಿಯ ಒಬ್ಬ ತಂದೆ ನಮ್ಮನ್ನು ತಡೆದು ನಿಲ್ಲಿಸಿದರು. ಅವರ ಮಗಳು ದ್ವಿತೀಯ ಪಿಯುಸಿ ಮುಗಿಸಿದ್ದಳು. ಪದವಿ ಓದಿ ಪಿಎಸ್‌ಐ ಪರೀಕ್ಷೆಗೆ ಕೂರುತ್ತೇನೆಂದು ಹಟ ಹಿಡಿದಿದ್ದಳು. "ಹಝ್ರತ್, ಹುಡುಗಿ ಜಾಣೆ, ಅದರಲ್ಲಿ ಸಂಶಯವಿಲ್ಲ. ಆದರೆ ಪೊಲೀಸ್ ಕೆಲಸ ಹೆಣ್ಣುಮಗಳಿಗೆ ಹೊಂದುತ್ತದೆಯೇ? ನಮ್ಮ ದೀನ್ ಇದಕ್ಕೆ ಏನು ಹೇಳುತ್ತದೆ?" ಎಂದು ಅವರು ಕೇಳಿದರು. "ಭಾಯ್, ಎರಡು ದಿನ ಸಮಯ ಕೊಡಿ" ಎಂದೆವು. ಬಾಗಿಲಲ್ಲಿ ನಿಂತು ಹೇಳಿ ಮುಗಿಸುವ ಉತ್ತರ ಅದಾಗಿರಲಿಲ್ಲ. ಒಂದು 'ಆಗುತ್ತದೆ', ಒಂದು 'ಆಗದು' ಎಂಬ ಮಾತು ಒಂದು ಹೆಣ್ಣುಮಗುವಿನ ಇಡೀ ಬದುಕನ್ನು ತಿರುಗಿಸಿಬಿಡಬಲ್ಲದು. ಅಂದು ನಾವು ಗ್ರಂಥಗಳನ್ನು ತೆರೆದು ಓದಿದ್ದನ್ನು ಇಲ್ಲಿ ಎಲ್ಲ ಕುಟುಂಬಗಳಿಗಾಗಿ ಬರೆಯುತ್ತಿದ್ದೇವೆ.

ಮೊದಲು ಅಧಿಕಾರವೆಂದರೆ ಏನೆಂಬುದನ್ನು ತಿಳಿಯೋಣ. ನಮ್ಮ ಧರ್ಮದಲ್ಲಿ ಅಧಿಕಾರಕ್ಕೆ ಇರುವ ಹೆಸರು 'ಅಮಾನತ್'. ಅಮಾನತ್ತುಗಳನ್ನು ಅವುಗಳಿಗೆ ಅರ್ಹರಾದವರಿಗೆ ಒಪ್ಪಿಸಬೇಕು, ಜನರ ನಡುವೆ ತೀರ್ಪು ಕೊಡುವಾಗ ನ್ಯಾಯದಿಂದ ಕೊಡಬೇಕು ಎಂಬುದು ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 58ನೆಯ ವಚನದ ಆಶಯ. ಅದೇ ಅಧ್ಯಾಯದ 135ನೆಯ ವಚನವು ನಮ್ಮ ವಿರುದ್ಧವಾದರೂ, ಹೆತ್ತವರ ವಿರುದ್ಧವಾದರೂ ನ್ಯಾಯದ ಪರ ನಿಲ್ಲಲು ಆಜ್ಞಾಪಿಸುತ್ತದೆ. ಒಳಿತನ್ನು ಆದೇಶಿಸುವ, ಕೆಡುಕನ್ನು ತಡೆಯುವ ಹೊಣೆಯನ್ನು ಹೇಳುವಾಗ ಅತ್ತೌಬಾ ಅಧ್ಯಾಯದ 71ನೆಯ ವಚನವು ಸತ್ಯವಿಶ್ವಾಸಿ ಪುರುಷರನ್ನೂ ಸ್ತ್ರೀಯರನ್ನೂ ಒಟ್ಟಿಗೆ ಹೆಸರಿಸಿ, ಅವರನ್ನು ಪರಸ್ಪರ ಸಹಾಯಕರೆಂದು ಕರೆಯುತ್ತದೆ. ಈ ಹೊಣೆಯೇ ಮುಂದೆ ಇಸ್ಲಾಮೀ ಆಡಳಿತದಲ್ಲಿ 'ಹಿಸ್ಬಾ' ಎಂಬ ಇಲಾಖೆಯಾಗಿ ರೂಪುಗೊಂಡಿತು. ತೂಕ, ಅಳತೆ, ಕಲಬೆರಕೆ, ದಾರಿಯ ಅಡಚಣೆ, ಮಾರುಕಟ್ಟೆಯ ಮೋಸ ಇವೆಲ್ಲವನ್ನೂ ನೋಡಿಕೊಳ್ಳುವ ಅಧಿಕಾರಿಗೆ 'ಮುಹ್ತಸಿಬ್' ಎಂದು ಹೆಸರು. ಇಂದು ಪೊಲೀಸರು, ತೂಕ ಮತ್ತು ಅಳತೆ ಇಲಾಖೆ, ಆಹಾರ ಸುರಕ್ಷತಾ ಅಧಿಕಾರಿಗಳು ಹಂಚಿಕೊಂಡಿರುವ ಕೆಲಸದ ಬಹುಭಾಗ ಅಂದು ಒಬ್ಬ ಮುಹ್ತಸಿಬನ ಮೇಲಿತ್ತು.

ಈ ಕೆಲಸದ ಆರಂಭದ ದಿನಗಳಲ್ಲಿಯೇ ಒಬ್ಬ ಮಹಿಳೆಯ ಹೆಸರು ನಮಗೆ ಸಿಗುತ್ತದೆ. ಅವರು ಹಝ್ರತ್ ಶಿಫಾ ಬಿನ್ತ್ ಅಬ್ದುಲ್ಲಾಹ್(ರ). ಕುರೈಶರ ಬನೂ ಅದಿಯ್ಯ್ ಕುಲದವರು; ಹಝ್ರತ್ ಉಮರ್(ರ) ಅವರದೂ ಅದೇ ಕುಲ. ಓದುಬರಹ ಬಲ್ಲವರು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಶಿಫಾ(ರ) ಅಕ್ಷರ ಬಲ್ಲವರಾಗಿದ್ದರು. ಪ್ರವಾದಿ(ಸ) ಅವರ ಪತ್ನಿ ಹಝ್ರತ್ ಹಫ್ಸಾ(ರ) ಅವರಿಗೆ ಬರೆಯಲು ಕಲಿಸಿದವರು ಇವರೇ ಎಂಬುದು ಅಬೂದಾವೂದ್ ಸಂಗ್ರಹದ ಹದೀಸಿನಿಂದ ತಿಳಿಯುತ್ತದೆ. ಇಮಾಮ್ ಮಾಲಿಕ್(ರಹ) ಅವರ ಮುವತ್ತಾದಲ್ಲಿ ಒಂದು ಸಣ್ಣ ಘಟನೆಯಿದೆ. ಒಂದು ಮುಂಜಾನೆ ಉಮರ್(ರ) ಅವರಿಗೆ ಫಜ್ರ್ ಜಮಾಅತ್ತಿನಲ್ಲಿ ಶಿಫಾ ಅವರ ಮಗ ಸುಲೈಮಾನ್ ಕಾಣಿಸಲಿಲ್ಲ. ಮಾರುಕಟ್ಟೆಗೆ ಹೊರಟ ಉಮರ್(ರ) ದಾರಿಯಲ್ಲಿ ಶಿಫಾ ಅವರನ್ನು ಕಂಡು ವಿಚಾರಿಸಿದರು. ರಾತ್ರಿಯೆಲ್ಲ ನಮಾಝಿನಲ್ಲಿ ನಿಂತು ಅವನಿಗೆ ನಿದ್ದೆ ಹತ್ತಿತೆಂದು ತಾಯಿ ಹೇಳಿದರು. ರಾತ್ರಿಯಿಡೀ ನಿಲ್ಲುವುದಕ್ಕಿಂತ ಫಜ್ರ್ ಜಮಾಅತ್ತಿಗೆ ಹಾಜರಾಗುವುದೇ ತಮಗೆ ಹೆಚ್ಚು ಪ್ರಿಯವೆಂದು ಖಲೀಫರು ಉತ್ತರಿಸಿದರು. ಆ ಮನೆ ಮಸೀದಿಗೂ ಮಾರುಕಟ್ಟೆಗೂ ನಡುವೆ ಇತ್ತೆಂದು ಅದೇ ವರದಿ ತಿಳಿಸುತ್ತದೆ. ಶಿಫಾ ಅವರ ಬದುಕೂ ಹಾಗೆಯೇ ಇತ್ತು. ಒಂದು ಕಡೆ ಇಬಾದತ್, ಇನ್ನೊಂದು ಕಡೆ ಜನರ ವ್ಯವಹಾರ.

ಇಬ್ನ್ ಅಬ್ದುಲ್ ಬರ್ರ್ ಅವರಂಥ ಚರಿತ್ರಕಾರರು, ಉಮರ್(ರ) ಅವರು ಶಿಫಾ ಅವರ ಅಭಿಪ್ರಾಯಕ್ಕೆ ಮನ್ನಣೆ ನೀಡುತ್ತಿದ್ದರೆಂದೂ ಮಾರುಕಟ್ಟೆಯ ಕೆಲವು ವಿಷಯಗಳನ್ನು ಅವರಿಗೆ ವಹಿಸಿದ್ದುಂಟೆಂದೂ ದಾಖಲಿಸಿದ್ದಾರೆ. ಇಲ್ಲಿ ಪ್ರಾಮಾಣಿಕವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಅಂದಲೂಸಿನ ಖಾಝಿ ಅಬೂಬಕರ್ ಇಬ್ನುಲ್ ಅರಬಿ(ರಹ) ಅವರು ಈ ವರದಿಯನ್ನು ಒಪ್ಪಲಿಲ್ಲ; ಅದು ಸರಿಯಲ್ಲವೆಂದು ಖಂಡಿಸಿದರು. ಅದೇ ಅಂದಲೂಸಿನ ಇಬ್ನ್ ಹಝ್ಮ್(ರಹ) ಅವರು ಅದನ್ನೇ ಪುರಾವೆಯಾಗಿ ಬಳಸಿದರು. ಆದ್ದರಿಂದ ವೇದಿಕೆಯೇರಿ 'ಇಸ್ಲಾಮಿನ ಮೊದಲ ಮಹಿಳಾ ಪೊಲೀಸ್ ಅಧಿಕಾರಿ' ಎಂದು ಕೂಗುವುದು ಜ್ಞಾನದ ರೀತಿಯಲ್ಲ. ಆದರೆ ನಮ್ಮ ಹಿರಿಯ ವಿದ್ವಾಂಸರು ಈ ವರದಿಯನ್ನು ಮುಚ್ಚಿಡದೆ ಬರೆದಿಟ್ಟರು, ಅದರ ಮೇಲೆ ವಾದಿಸಿದರು ಎಂಬುದು ಗಮನಿಸಬೇಕಾದ ಸಂಗತಿ.

ಇನ್ನೊಬ್ಬರು ಸಮ್ರಾ ಬಿನ್ತ್ ನುಹೈಕ್(ರ). ಪ್ರವಾದಿ(ಸ) ಅವರ ಕಾಲವನ್ನು ಕಂಡವರು. ದಪ್ಪನೆಯ ಉಡುಪು, ದಪ್ಪನೆಯ ಶಿರವಸ್ತ್ರ ಧರಿಸಿ, ಕೈಯಲ್ಲಿ ಚಾವಟಿ ಹಿಡಿದು, ಜನರಿಗೆ ಒಳಿತನ್ನು ಆದೇಶಿಸುತ್ತ ಕೆಡುಕನ್ನು ತಡೆಯುತ್ತಿದ್ದ ಅವರನ್ನು ತಾನು ಕಂಡೆನೆಂದು ಒಬ್ಬ ವರದಿಗಾರ ಹೇಳಿದ್ದನ್ನು ತಬ್ರಾನಿ ಸಂಗ್ರಹಿಸಿದ್ದಾರೆ. ತೂಕದಲ್ಲಿ ಮೋಸ ಮಾಡುವವರ ವಿರುದ್ಧ ಒಂದು ಪ್ರತ್ಯೇಕ ಅಧ್ಯಾಯವೇ, ಅಲ್ ಮುತಫ್ಫಿಫೀನ್, ಇರುವ ಗ್ರಂಥವನ್ನು ನಂಬಿದ ಸಮಾಜದಲ್ಲಿ, ಹಯಾವನ್ನು ಬಿಡದ ಒಬ್ಬ ಮಹಿಳೆ ತಪ್ಪಿತಸ್ಥರನ್ನು ಎದುರಿಸಿ ನಿಂತ ಚಿತ್ರವಿದು.

ಮುಂದಿನ ಶತಮಾನಗಳಿಗೆ ಬರೋಣ. ಅಬ್ಬಾಸೀ ಆಡಳಿತದಲ್ಲಿ 'ಮಝಾಲಿಮ್' ಎಂಬ ನ್ಯಾಯಪೀಠವಿತ್ತು. ಅಧಿಕಾರಿಗಳಿಂದಲೇ ಅನ್ಯಾಯಕ್ಕೆ ಒಳಗಾದವರು ಅಲ್ಲಿ ಅರ್ಜಿ ಸಲ್ಲಿಸುತ್ತಿದ್ದರು. ಹಿಜರಿ 306ರಲ್ಲಿ, ಅಂದರೆ ಕ್ರಿ.ಶ. 918ರ ಸುಮಾರಿಗೆ, ಖಲೀಫ ಮುಕ್ತದಿರನ ತಾಯಿ ತಮ್ಮ ಅರಮನೆಯ ಮೇಲ್ವಿಚಾರಕಿ ಸುಮಲ್ ಎಂಬಾಕೆಯನ್ನು ಬಗ್ದಾದಿನ ರುಸಾಫಾದಲ್ಲಿ ಈ ಅರ್ಜಿಗಳನ್ನು ವಿಚಾರಿಸಲು ನೇಮಿಸಿದರು. ಜನರಿಗೆ ಇದು ಹಿಡಿಸಲಿಲ್ಲ. ಮೊದಲ ದಿನ ಪೀಠ ಬರಿದಾಗಿಯೇ ಇತ್ತು. ಎರಡನೆಯ ಬಾರಿ ಆಕೆ ಒಬ್ಬ ಖಾಝಿಯನ್ನು ಜೊತೆಗೆ ಕೂರಿಸಿಕೊಂಡು ಕುಳಿತರು, ಆದೇಶಗಳು ಹೊರಟವು, ಅನ್ಯಾಯಕ್ಕೊಳಗಾದವರಿಗೆ ಅದರಿಂದ ಪ್ರಯೋಜನವಾಯಿತು ಎಂದು ಚರಿತ್ರಕಾರರು ಬರೆದಿದ್ದಾರೆ. ಹೆಸರನ್ನು ಕೇಳಿ ದೂರ ನಿಂತ ಜನ, ಕೆಲಸವನ್ನು ಕಂಡು ಹತ್ತಿರ ಬಂದರು.

ನಮ್ಮ ನೆಲದ ರಝಿಯಾ ಸುಲ್ತಾನಾ ದೆಹಲಿಯನ್ನು 1236ರಿಂದ 1240ರವರೆಗೆ ಆಳಿದರು. ಅವರ ತಂದೆ ಇಲ್ತುತ್ಮಿಶ್ ಅನ್ಯಾಯಕ್ಕೊಳಗಾದವರು ಬಣ್ಣದ ಬಟ್ಟೆ ತೊಡಬೇಕೆಂದು ಕಟ್ಟಳೆ ಮಾಡಿದ್ದರೆಂದು ಇಬ್ನ್ ಬತೂತಾ ಬರೆಯುತ್ತಾರೆ. ಸಾಮಾನ್ಯರು ಬಿಳಿ ತೊಡುತ್ತಿದ್ದ ಊರಿನಲ್ಲಿ ಬಣ್ಣದ ಬಟ್ಟೆ ಕಂಡರೆ ಸಾಕು, ದೂರುದಾರನೆಂದು ಸುಲ್ತಾನನಿಗೆ ತಿಳಿಯುತ್ತಿತ್ತು. ತಂದೆಯ ಮರಣಾನಂತರ ಅಣ್ಣನ ಆಡಳಿತದಲ್ಲಿ ರಝಿಯಾ ಅದೇ ದೂರುದಾರರ ಬಟ್ಟೆಯನ್ನು ತೊಟ್ಟು ಶುಕ್ರವಾರ ಜನರ ಮುಂದೆ ನಿಂತು ನ್ಯಾಯ ಕೇಳಿದರೆಂದೂ ಅವರು ಹೇಳುತ್ತಾರೆ. ಇಬ್ನ್ ಬತೂತಾ ದೆಹಲಿಗೆ ಬಂದದ್ದು ನೂರು ವರ್ಷಗಳ ನಂತರವಾದುದರಿಂದ ಕಥೆಯಲ್ಲಿ ಜನರ ಬಾಯಿಮಾತು ಬೆರೆತಿರಬಹುದು. ಆದರೆ ಸಮಕಾಲೀನರಾದ ಖಾಝಿ ಮಿನ್ಹಾಜ್ ಕೂಡ ರಝಿಯಾರ ನ್ಯಾಯಪರತೆಯನ್ನು ಮೆಚ್ಚಿ ಬರೆದಿದ್ದಾರೆ. ಗಂಡಾಗಿ ಹುಟ್ಟಲಿಲ್ಲ ಎಂಬುದೊಂದೇ ಅವರು ಕಂಡ ಕೊರತೆ.

ಇನ್ನು ಫಿಕ್‌ಹ್ ಏನು ಹೇಳುತ್ತದೆ? ಪರ್ಷಿಯನ್ನರು ಕಿಸ್ರಾನ ಮಗಳನ್ನು ಸಿಂಹಾಸನಕ್ಕೇರಿಸಿದ ಸುದ್ದಿ ಬಂದಾಗ, ತಮ್ಮ ವ್ಯವಹಾರವನ್ನು ಸ್ತ್ರೀಗೆ ಒಪ್ಪಿಸಿದ ಜನರು ಯಶಸ್ವಿಯಾಗಲಾರರೆಂಬ ಅರ್ಥದ ಮಾತನ್ನು ಪ್ರವಾದಿ(ಸ) ಹೇಳಿದರೆಂಬ ಹದೀಸ್ ಬುಖಾರಿಯಲ್ಲಿದೆ. ಮಾಲಿಕೀ, ಶಾಫಿಈ, ಹಂಬಲೀ ಮದ್‌ಹಬ್‌ಗಳ ಬಹುಪಾಲು ವಿದ್ವಾಂಸರು ಇದರ ಆಧಾರದಲ್ಲಿ ಸ್ತ್ರೀಗೆ ಖಾಝಿಯ ಹುದ್ದೆಯನ್ನೂ ಒಪ್ಪಲಿಲ್ಲ. ಹನಫೀ ಮದ್‌ಹಬ್‌ನಲ್ಲಿ ಹುದೂದ್ ಮತ್ತು ಕಿಸಾಸ್ ಹೊರತುಪಡಿಸಿದ ವಿಷಯಗಳಲ್ಲಿ ಆಕೆಯ ತೀರ್ಪು ಸಿಂಧುವಾಗುತ್ತದೆ. ಇಮಾಮ್ ತಬರಿ(ರಹ) ಎಲ್ಲ ವಿಷಯಗಳಲ್ಲೂ ಒಪ್ಪಿದರೆಂದು ಹೇಳಲಾಗಿದೆ; ಮಾವರ್ದಿ(ರಹ) ಅದನ್ನು ಉಲ್ಲೇಖಿಸಿ ತಿರಸ್ಕರಿಸಿದ್ದಾರೆ. ಆ ಹದೀಸ್ ಪರಮಾಧಿಕಾರಕ್ಕೆ ಮಾತ್ರ ಸಂಬಂಧಿಸಿದ್ದೆಂದು ಹೇಳಿದ ವಿದ್ವಾಂಸರೂ ಇದ್ದಾರೆ. ನಾವು ಫತ್ವಾ ಕೊಡುವ ಸ್ಥಾನದಲ್ಲಿಲ್ಲ. ಆದರೆ ಸಂವಿಧಾನದ ಕೆಳಗೆ, ಲಿಖಿತ ಕಾನೂನಿನ ಮಿತಿಯೊಳಗೆ, ನ್ಯಾಯಾಲಯಕ್ಕೂ ಸರಕಾರಕ್ಕೂ ಉತ್ತರ ಕೊಡಬೇಕಾದ ಇಂದಿನ ಪೊಲೀಸ್ ಅಧಿಕಾರಿಯ ಸ್ಥಾನ ಅಂದಿನ ಕಿಸ್ರಾನ ಸಿಂಹಾಸನವಲ್ಲ ಎಂಬುದನ್ನು ಎಲ್ಲರೂ ಒಪ್ಪುವರೆಂದು ಭಾವಿಸುತ್ತೇವೆ.

ಈಗ ನಮ್ಮ ನಾಡಿಗೆ ಬರೋಣ. ಶಿವನಿಯ ಪಕ್ಕದ ಜಿಲ್ಲೆ ಚಿತ್ರದುರ್ಗ. ಅಲ್ಲಿಯ ಕೋಟೆಯಲ್ಲಿ ಊಟಕ್ಕೆ ಕುಳಿತ ಕಾವಲುಗಾರ ಗಂಡನ ಬದಲಿಗೆ ಒನಕೆ ಹಿಡಿದು ಕಿಂಡಿಯನ್ನು ಕಾದ ಓಬವ್ವನನ್ನು ನಾಡು ನೆನೆಯುತ್ತದೆ. ಆ ಕಿಂಡಿಯಿಂದ ನುಸುಳಿದ್ದು ಹೈದರಲಿಯ ಸೈನಿಕರು. ಹಾಗೆಂದು ನಮ್ಮ ಮಕ್ಕಳು ಆ ಕಥೆಯನ್ನು ಓದುವಾಗ ಮುಖ ಸಿಂಡರಿಸಬೇಕಿಲ್ಲ. ಅದು ಎರಡು ರಾಜ್ಯಗಳ ನಡುವಿನ ಯುದ್ಧ. ತನಗೆ ಒದಗಿದ ಕಾವಲನ್ನು ಆಕೆ ಬಿಟ್ಟು ಓಡಲಿಲ್ಲ ಎಂಬುದೇ ಅದರ ಸಾರ. ಇಂದು ಕರ್ನಾಟಕ ಪೊಲೀಸರು ಮಹಿಳೆಯರ ರಕ್ಷಣೆಗಾಗಿ ಕಟ್ಟಿದ ಪಡೆಗಳಿಗೆ ಓಬವ್ವನ ಹೆಸರಿಟ್ಟಿದ್ದಾರೆ.

ಸ್ವತಂತ್ರ ಭಾರತದಲ್ಲಿಯೂ ದಾರಿ ಸುಲಭವಾಗಿರಲಿಲ್ಲ. ಕೊಡಗಿನ ವಿರಾಜಪೇಟೆಯ ಸಿ.ಬಿ. ಮುತ್ತಮ್ಮ 1949ರಲ್ಲಿ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆ. ಮದುವೆಯಾಗಲು ಮಹಿಳಾ ಅಧಿಕಾರಿ ಸರಕಾರದ ಅನುಮತಿ ಪಡೆಯಬೇಕು ಎಂಬಂಥ ನಿಯಮಗಳ ವಿರುದ್ಧ ಅವರು ಸುಪ್ರೀಂ ಕೋರ್ಟಿನವರೆಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ಪೀಠ ಆ ತಾರತಮ್ಯವನ್ನು ಕಟುವಾಗಿ ಟೀಕಿಸಿತು. ಪೊಲೀಸ್ ಸೇವೆಯಲ್ಲಿ 1972ರಲ್ಲಿ ಕಿರಣ್ ಬೇಡಿ ಮೊದಲ ಮಹಿಳಾ ಐಪಿಎಸ್ ಅಧಿಕಾರಿಯಾದರು. 1973ರ ಅಕ್ಟೋಬರ್ 27ರಂದು ಕೋಝಿಕ್ಕೋಡಿನಲ್ಲಿ ದೇಶದ ಮೊದಲ ಮಹಿಳಾ ಪೊಲೀಸ್ ಠಾಣೆ ತೆರೆಯಿತು. 1975ರ ತಂಡದ ಜೀಜಾ ಹರಿಸಿಂಗ್ ದಕ್ಷಿಣ ಭಾರತದ ಮೊದಲ ಮಹಿಳಾ ಐಪಿಎಸ್ ಅಧಿಕಾರಿಯಾಗಿ ಕರ್ನಾಟಕದಲ್ಲಿ ಸೇವೆ ಸಲ್ಲಿಸಿ ಡಿಜಿಪಿ ದರ್ಜೆಗೆ ಏರಿದರು. 2004ರಲ್ಲಿ ಕಾಂಚನ್ ಚೌಧರಿ ಭಟ್ಟಾಚಾರ್ಯ ಉತ್ತರಾಖಂಡದ ಪೊಲೀಸ್ ಮುಖ್ಯಸ್ಥರಾದರು. ಒಂದು ರಾಜ್ಯದ ಪೊಲೀಸ್ ಪಡೆಯನ್ನು ಮುನ್ನಡೆಸಿದ ಮೊದಲ ಭಾರತೀಯ ಮಹಿಳೆ ಅವರು.

ಕರ್ನಾಟಕ ಇದಕ್ಕಾಗಿ ಇನ್ನೂ 13 ವರ್ಷ ಕಾಯಬೇಕಾಯಿತು. 2017ರ ಅಕ್ಟೋಬರ್ 31ರಂದು 1983ರ ತಂಡದ ನೀಲಮಣಿ ಎನ್. ರಾಜು ರಾಜ್ಯದ ಪೊಲೀಸ್ ಮಹಾನಿರ್ದೇಶಕರು ಮತ್ತು ಮಹಾನಿರೀಕ್ಷಕರಾಗಿ ಅಧಿಕಾರ ವಹಿಸಿಕೊಂಡರು. ಆ ಪೀಠದಲ್ಲಿ ಕುಳಿತ ಮೊದಲ ಮಹಿಳೆ ಅವರೇ. ಮರುತಿಂಗಳೇ ಕೆ. ರತ್ನಪ್ರಭಾ ರಾಜ್ಯದ ಮುಖ್ಯ ಕಾರ್ಯದರ್ಶಿಯಾದರು. ಹೀಗೆ ಆಡಳಿತ ಮತ್ತು ಪೊಲೀಸ್, ಎರಡರ ತುದಿಯಲ್ಲೂ ಏಕಕಾಲಕ್ಕೆ ಮಹಿಳೆಯರಿದ್ದರು. ನೀಲಮಣಿ ರಾಜು 2020ರ ಜನವರಿ ಅಂತ್ಯದಲ್ಲಿ ನಿವೃತ್ತರಾದರು. ಶಿವನಿಯಿಂದ ಹುಬ್ಬಳ್ಳಿ ಕಡೆಯ ರೈಲು ಹತ್ತಿದರೆ ಸಿಗುವ ದಾವಣಗೆರೆಯಲ್ಲಿ ಬೆಳೆದ ಡಿ. ರೂಪಾ 2000ದ ತಂಡದ ಐಪಿಎಸ್ ಅಧಿಕಾರಿ. 2017ರಲ್ಲಿ ಕಾರಾಗೃಹ ಇಲಾಖೆಯ ಡಿಐಜಿಯಾಗಿದ್ದಾಗ ಪರಪ್ಪನ ಅಗ್ರಹಾರ ಜೈಲಿನಲ್ಲಿ ಪ್ರಭಾವಿ ಕೈದಿಗೆ ವಿಶೇಷ ಸೌಲಭ್ಯ ಸಿಗುತ್ತಿದೆಯೆಂದು ಅವರು ವರದಿ ಕೊಟ್ಟರು; ಕೆಲವೇ ದಿನಗಳಲ್ಲಿ ಅವರ ವರ್ಗಾವಣೆಯಾಯಿತು. ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲಿಯೂ ಇತ್ತೀಚಿನ ವರ್ಷಗಳಲ್ಲಿ ಉಮಾ ಪ್ರಶಾಂತ್ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯಾಗಿದ್ದರು. ಮುಂದೆ ಅವರು ದಾವಣಗೆರೆ ಜಿಲ್ಲೆಯ ವರಿಷ್ಠಾಧಿಕಾರಿಯಾದರು. ಅಜ್ಜಂಪುರ ತಾಲ್ಲೂಕಿನ ಹುಡುಗಿಯೊಬ್ಬಳಿಗೆ ಇದು ದೂರದ ದೆಹಲಿಯ ಮಾತಲ್ಲ, ತನ್ನದೇ ಜಿಲ್ಲೆಯಲ್ಲಿ ಕಂಡ ಸಂಗತಿ.

ಆದರೂ ಸಂಖ್ಯೆ ಇನ್ನೂ ಕಡಿಮೆ. ಮಹಿಳೆಯರ ಪ್ರಮಾಣವನ್ನು ಶೇಕಡಾ 33ಕ್ಕೆ ಏರಿಸಬೇಕೆಂದು ಕೇಂದ್ರ ಗೃಹ ಸಚಿವಾಲಯ 2009ರಲ್ಲಿಯೂ 2013ರಲ್ಲಿಯೂ ರಾಜ್ಯಗಳಿಗೆ ಸಲಹೆ ನೀಡಿತು. 2022ರ ಹೊತ್ತಿಗೆ ದೇಶದ ಪೊಲೀಸ್ ಪಡೆಗಳಲ್ಲಿ ಅವರು ಶೇಕಡಾ 12ರ ಆಸುಪಾಸಿನಲ್ಲಿದ್ದರು.

ಇದರಿಂದ ನಮಗೇನು ಎಂದು ಕೇಳುವವರಿಗೆ ನಾವು ಕಂಡದ್ದನ್ನು ಹೇಳುತ್ತೇವೆ. ಕೆಲವು ವರ್ಷಗಳ ಹಿಂದೆ ನಮ್ಮ ಜಮಾಅತ್ತಿನ ಒಬ್ಬ ತಾಯಿ ಮಗಳ ಮೇಲಾದ ದೌರ್ಜನ್ಯದ ದೂರು ಹಿಡಿದು ಒಂದು ಠಾಣೆಗೆ ಹೋದರು. ಜೊತೆಗೆ ನಾವೂ ಇದ್ದೆವು. ಅಂದು ಅಲ್ಲಿ ಮಹಿಳಾ ಸಿಬ್ಬಂದಿ ಇರಲಿಲ್ಲ. ಮೇಜಿನ ಆಚೆ ಕುಳಿತವರು ಒರಟಾಗಿಯೇನೂ ಮಾತನಾಡಲಿಲ್ಲ. ಏನಾಯಿತು ಹೇಳಿ ಎಂದಷ್ಟೇ ಕೇಳಿದರು. ಆ ತಾಯಿಯ ನಾಲಗೆ ಏಳಲಿಲ್ಲ. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಹೊರಗೆ ಬಂದರು. ಆ ದೂರು ದಾಖಲಾಗಲೇ ಇಲ್ಲ. ನಾಳೆ ಬನ್ನಿ, ಮಹಿಳಾ ಅಧಿಕಾರಿಯನ್ನು ಕೇಳಿ ಪಡೆಯೋಣ ಎಂದು ಒತ್ತಾಯಿಸುವ ತಿಳಿವಳಿಕೆ ಅಂದು ನಮಗೂ ಇರಲಿಲ್ಲ. ಅದಕ್ಕಾಗಿ ಇಂದಿಗೂ ಪಶ್ಚಾತ್ತಾಪ ಪಡುತ್ತೇವೆ.

ಕಾನೂನು ಮಾತ್ರ ಸ್ಪಷ್ಟವಾಗಿದೆ. ಲೈಂಗಿಕ ದೌರ್ಜನ್ಯಕ್ಕೊಳಗಾದ ಮಹಿಳೆಯ ಮಾಹಿತಿಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕೆಂಬ ನಿಯಮ 2013ರಿಂದ ಇದೆ. ಬಂಧಿತ ಮಹಿಳೆಯ ತಪಾಸಣೆಯನ್ನು ಮಹಿಳೆಯೇ, ಮರ್ಯಾದೆಗೆ ಕುಂದಿಲ್ಲದಂತೆ ಮಾಡಬೇಕು. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಮಹಿಳೆಯನ್ನು ಬಂಧಿಸುವಂತಿಲ್ಲ; ಅನಿವಾರ್ಯವಾದರೆ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆಯಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಈ ರಕ್ಷಣೆಗಳು ಮುಂದುವರಿದಿವೆ. ನಾವು ಮಿಂಬರಿನ ಮೇಲೆ ಹೇಳುವ ಹಯಾವನ್ನು ಕಾನೂನು ತನ್ನ ಭಾಷೆಯಲ್ಲಿ ಹೇಳಿದೆ. ಆದರೆ ಠಾಣೆಯಲ್ಲಿ ಮಹಿಳೆಯೇ ಇಲ್ಲದಿದ್ದರೆ ಈ ನಿಯಮವನ್ನು ಪಾಲಿಸುವವರು ಯಾರು?

ನಮ್ಮ ಮದ್ರಸಾಗಳಲ್ಲಿ 'ಫರ್ಝ್ ಕಿಫಾಯಾ' ಎಂಬುದನ್ನು ಕಲಿಸುತ್ತೇವೆ. ಸಮಾಜದಲ್ಲಿ ಕೆಲವರು ನೆರವೇರಿಸಿದರೆ ಎಲ್ಲರ ಹೊಣೆ ಇಳಿಯುತ್ತದೆ, ಯಾರೂ ನೆರವೇರಿಸದಿದ್ದರೆ ಎಲ್ಲರೂ ತಪ್ಪಿತಸ್ಥರು. ಹೆರಿಗೆಗೆ ಮಹಿಳಾ ವೈದ್ಯರೇ ಬೇಕೆಂದು ನಾವು ಹುಡುಕುತ್ತೇವೆ; ಆದರೆ ನಮ್ಮ ಹೆಣ್ಣುಮಕ್ಕಳನ್ನು ವೈದ್ಯಕೀಯ ಓದಿಸಲು ಹಿಂದೊಮ್ಮೆ ಹಿಂಜರಿದೆವು. ಬೇರೆಯವರ ಮಗಳು ವೈದ್ಯೆಯಾಗಲಿ, ಅವಳ ಸೇವೆ ನಮಗೆ ಸಿಗಲಿ ಎಂಬುದು ನ್ಯಾಯವಲ್ಲ. ಅದೇ ಮಾತು ಪೊಲೀಸ್ ಠಾಣೆಗೂ ಸಲ್ಲುತ್ತದೆ.

ದಾರಿ ತೋರಿದವರು ನಮ್ಮ ಸಮುದಾಯದಲ್ಲಿಯೂ ಇದ್ದಾರೆ. ಕೇರಳದ ಪತ್ತನಂತಿಟ್ಟದ ಫಾತಿಮಾ ಬೀವಿ 1950ರಲ್ಲಿ ವಕೀಲರಾದರು, 1989ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿಯಾದರು. ಅವರನ್ನು ಕಾನೂನು ಓದಲು ಪ್ರೇರೇಪಿಸಿದವರು ಅವರ ತಂದೆ ಮೀರಾ ಸಾಹಿಬ್. ಪೊಲೀಸ್ ಸೇವೆಯಲ್ಲಿ 2008ರ ತಂಡದ ಸಾರಾ ರಿಜ್ವಿ, 2011ರ ತಂಡದ ಅಂಜುಮ್ ಆರಾ ಐಪಿಎಸ್ ಅಧಿಕಾರಿಗಳಾದರು. ನೆರೆಯ ಬಾಂಗ್ಲಾದೇಶ 2010ರಲ್ಲಿ ಭೂಕಂಪದಿಂದ ನಲುಗಿದ ಹೈಟಿಗೆ ಮಹಿಳಾ ಪೊಲೀಸರ ಒಂದು ಇಡೀ ತಂಡವನ್ನೇ ವಿಶ್ವಸಂಸ್ಥೆಯ ಕರೆಗೆ ಕಳುಹಿಸಿತ್ತು.

ಸಮವಸ್ತ್ರದ ಪ್ರಶ್ನೆಯನ್ನು ಮರೆಮಾಚಲಾರೆವು. ಲಂಡನ್ ಪೊಲೀಸರು 2001ರಲ್ಲಿ, ಸ್ಕಾಟ್‌ಲೆಂಡ್ ಮತ್ತು ಕೆನಡಾದ ಪೊಲೀಸರು 2016ರಲ್ಲಿ ಹಿಜಾಬನ್ನು ಸಮವಸ್ತ್ರದ ಭಾಗವಾಗಿ ಒಪ್ಪಿದರು. ನಮ್ಮಲ್ಲಿ ಹಾಗಾಗಿಲ್ಲ, ಕೇರಳ ಸರಕಾರ 2022ರಲ್ಲಿ ಸ್ಟೂಡೆಂಟ್ ಪೊಲೀಸ್ ಕೆಡೆಟ್ ವಿದ್ಯಾರ್ಥಿನಿಯೊಬ್ಬಳ ಇಂಥ ಮನವಿಯನ್ನು ನಿರಾಕರಿಸಿತು. ಆದ್ದರಿಂದ ಈ ದಾರಿ ಹಿಡಿಯುವ ಹುಡುಗಿಯೂ ಅವಳ ಮನೆಯವರೂ ಇದನ್ನು ಮೊದಲೇ ಯೋಚಿಸಿ, ತಾವು ನಂಬುವ ಆಲಿಮರೊಂದಿಗೆ ಸಮಾಲೋಚಿಸಿ ತೀರ್ಮಾನಿಸಬೇಕು. ಅವಳು ಯಾವ ತೀರ್ಮಾನಕ್ಕೆ ಬಂದರೂ ಹೀಯಾಳಿಸುವ ಅಧಿಕಾರ ಜಮಾಅತ್ತಿನ ಯಾರಿಗೂ ಇಲ್ಲ. ಖಾಕಿ ಬೇಡವೆಂದಾದರೆ ನ್ಯಾಯದ ಕೆಲಸಕ್ಕೆ ಬೇರೆ ಬಾಗಿಲುಗಳೂ ಇವೆ: ವಕೀಲಿಕೆ, ಸರಕಾರಿ ಅಭಿಯೋಜಕರ ಹುದ್ದೆ, ವಿಧಿವಿಜ್ಞಾನ ಪ್ರಯೋಗಾಲಯ, ಮಕ್ಕಳ ರಕ್ಷಣಾ ಘಟಕ.

ಕೊನೆಯದಾಗಿ ಒಂದು ಎಚ್ಚರಿಕೆ. ಪೀಠದಲ್ಲಿ ಮಹಿಳೆ ಕುಳಿತ ಮಾತ್ರಕ್ಕೆ ನ್ಯಾಯ ತಾನಾಗಿ ಬರುವುದಿಲ್ಲ. ಅನ್ಯಾಯ ಮಾಡಲು ಗಂಡಿಗೆ ಸಾಧ್ಯವಿರುವಂತೆ ಹೆಣ್ಣಿಗೂ ಸಾಧ್ಯ. ನಮ್ಮ ರಾಜ್ಯದಲ್ಲಿ 2021ರಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ನಡೆದ ಪರೀಕ್ಷೆ ಅಕ್ರಮದಿಂದಾಗಿ ರದ್ದಾಯಿತು; ಪ್ರಾಮಾಣಿಕವಾಗಿ ಓದಿದವರು 2024ರ ಜನವರಿಯ ಮರುಪರೀಕ್ಷೆಯವರೆಗೆ ಕಾಯಬೇಕಾಯಿತು. ಹಣ ಕೊಟ್ಟು ಹುದ್ದೆಗೆ ಬರುವವರು ಮೊದಲ ದಿನವೇ ಅಮಾನತ್ತಿಗೆ ದ್ರೋಹ ಬಗೆದಿರುತ್ತಾರೆ. ಮಗಳನ್ನು ಈ ದಾರಿಗೆ ಕಳುಹಿಸುವ ತಂದೆ ಹಲಾಲ್ ಊಟ ಹಾಕಿ ಬೆಳೆಸಿದಂತೆಯೇ ಹಲಾಲ್ ಪರೀಕ್ಷೆಯನ್ನೇ ಬರೆಸಬೇಕು.

ಎರಡು ದಿನಗಳ ನಂತರ ಆ ತಂದೆಯನ್ನು ಕರೆದು ಕೂರಿಸಿಕೊಂಡು ಇದನ್ನೆಲ್ಲ ಹೇಳಿದೆವು. ವಿದ್ವಾಂಸರ ಭಿನ್ನಾಭಿಪ್ರಾಯವನ್ನೂ ಸಮವಸ್ತ್ರದ ಕಷ್ಟವನ್ನೂ ಬಚ್ಚಿಡಲಿಲ್ಲ. ಠಾಣೆಯಿಂದ ಮೌನವಾಗಿ ಹಿಂದಿರುಗಿದ ಆ ತಾಯಿಯ ಕಥೆಯನ್ನೂ ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ಹಝ್ರತ್, ಮೊದಲು ಪದವಿ ಮುಗಿಸಲಿ. ಅಷ್ಟರಲ್ಲಿ ನಾನೂ ಮನಸ್ಸನ್ನು ಸಿದ್ಧ ಮಾಡಿಕೊಳ್ಳುತ್ತೇನೆ" ಎಂದರು. ಹುಡುಗಿ ಈಗ ಬಿ.ಎ. ಓದುತ್ತಿದ್ದಾಳೆ. ಬೆಳಗಿನ ಫಜ್ರ್ ಮುಗಿದ ಮೇಲೆ ರೈಲು ನಿಲ್ದಾಣದ ಕಡೆಯ ರಸ್ತೆಯಲ್ಲಿ ಓಟದ ಅಭ್ಯಾಸ ಮಾಡುತ್ತಾಳೆ. ಸ್ವಲ್ಪ ದೂರದಲ್ಲಿ ತಂದೆ ಸೈಕಲ್ಲಿನಲ್ಲಿ ಹಿಂಬಾಲಿಸುತ್ತಾರೆ.

ನಮ್ಮ ಹೆಣ್ಣುಮಕ್ಕಳಿಗೆ ವಿದ್ಯೆಯನ್ನೂ ಧೈರ್ಯವನ್ನೂ ಹಯಾವನ್ನೂ ಒಟ್ಟಿಗೆ ಅಲ್ಲಾಹನು ದಯಪಾಲಿಸಲಿ. ಅಧಿಕಾರದ ಅಮಾನತ್ ಯಾರ ಕೈಗೆ ಬಂದರೂ ಅದನ್ನು ನ್ಯಾಯದಿಂದ ನಿರ್ವಹಿಸುವ ಭಾಗ್ಯವನ್ನು ಅವರಿಗೆ ಕರುಣಿಸಲಿ. ದೂರು ಹೊತ್ತು ಬರುವ ಯಾವ ತಾಯಿಯೂ, ಅವಳು ಯಾವ ಧರ್ಮದವಳಾಗಿರಲಿ, ಹೊಸ್ತಿಲಿನಿಂದ ಮೌನವಾಗಿ ಹಿಂದಿರುಗದಿರಲಿ. ಆಮೀನ್.